ಮತ್ಸ್ಯವಿನೋದವೂ ಮತ್ಸ್ಯವಿಜ್ಞಾನವೂ

ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಊರುಗಳನ್ನೊಳಗೊಂಡ ಸೀಮೆಯು ಎರೆ ಮತ್ತು ಮಸಾರಿ ಭೂಮಿಯ ಬಯಲುನಾಡು. ನಡುವೆ ಕಪ್ಪತಗುಡ್ಡ ನಿಂತಿರುವುದು. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುವುದು. ಪಡುವಣ ಕಡಲಿಗೂ ಈ ನಾಡಿಗೂ ಮಧ್ಯದಲ್ಲಿ ಸಹ್ಯಾದ್ರಿಯು ಅಡ್ಡವಾಗಿರುವುದು. ಆದರೂ ಇಲ್ಲಿಯ ಸಾಹಿತ್ಯಕ್ಕೆ ಸಮುದ್ರವು ಅಪರಿಚಿತವಲ್ಲ. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದಾದುದರಿಂದ, ಕಡಲನ್ನು ಕಣ್ಣಾರೆ ಕಾಣದ ಕವಿಗೂ ಅದನ್ನು ಬಣ್ಣಿಸುವ ಹೊಣೆ ಇದ್ದಿತು. ಮಕರ, ತಿಮಿ, ತಿಮಿಂಗಿಲಗಳೆಂಬ ಶಬ್ದಗಳು ಈ ಮಾರ್ಗದಿಂದಲೇ ಬಯಲುನಾಡಿನ ಕಾವ್ಯಗಳನ್ನು ಹೊಕ್ಕವು. ಆದರೆ ಮೀನು ಏನನ್ನು ತಿನ್ನುವುದು, ಯಾವ ಋತುವಿನಲ್ಲಿ ಎಲ್ಲಿರುವುದು, ಒಂದು ವರ್ಷ ಹೇರಳವಾಗಿದ್ದುದು ಮರುವರ್ಷ ಏಕೆ ಕಾಣದಾಗುವುದು ಎಂಬ ಪ್ರಶ್ನೆಗಳು ಕಾವ್ಯಕ್ಕೆ ಸೇರಿದವಲ್ಲ. ಅವು ಶಾಸ್ತ್ರಕ್ಕೆ ಸೇರಿದವು. ಪ್ರಾಣಿಯನ್ನು ಅದರ ನೆಲೆ, ಆಹಾರ, ಕಾಲಗಳೊಡನೆ ಸೇರಿಸಿ ವಿಚಾರಿಸುವ ಈ ಶಾಸ್ತ್ರಕ್ಕೆ ಜೀವಪರಿಸರಶಾಸ್ತ್ರವೆಂದು ಹೆಸರು.

ಮತ್ಸ್ಯಗಳನ್ನು ಕುರಿತ ಈ ವಿಚಾರಕ್ಕೂ ಗದಗಿನ ಸೀಮೆಗೂ ಎರಡು ಬಗೆಯ ಸಂಬಂಧವುಂಟು. ಈ ಸೀಮೆಯನ್ನು ಆಳಿದ ಚಾಲುಕ್ಯ ಚಕ್ರವರ್ತಿಯೊಬ್ಬನು ಸಂಸ್ಕೃತದಲ್ಲಿ ಮೀನುಗಳ ಮೇಲೆ ಒಂದು ಅಧ್ಯಾಯವನ್ನೇ ಬರೆದಿರುವನು, ಇದು ಮೊದಲನೆಯದು. ಗದಗು ಜಿಲ್ಲೆಯು ಯಾವ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆಯೋ ಅದೇ ವಿಶ್ವವಿದ್ಯಾಲಯದ ಸಾಗರಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿ, ಕಾಳೀನದಿಯು ಕಡಲನ್ನು ಸೇರುವ ಎಡೆಯಲ್ಲಿರುವುದು, ಇದು ಎರಡನೆಯದು. ಈ ಎರಡರ ನಡುವಣ ಸಂಬಂಧವನ್ನು ತೋರಿಸಿ, ಅವುಗಳನ್ನು ಬೆಸೆಯುವ ಸಾಧನವು ಮೀನುಗಾರರ ಶಬ್ದಸಂಪತ್ತೇ ಎಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

೧. ಕೋಶದಲ್ಲಿ ಮತ್ತು ವೈದ್ಯದಲ್ಲಿ

ಅಮರಕೋಶದ ವಾರಿವರ್ಗವನ್ನು ಕಂಠಪಾಠ ಮಾಡಿದವರಿಗೆ ಮೀನಿನ ಪರ್ಯಾಯಪದಗಳು ಪರಿಚಿತವೇ. ಆದರೆ ಅವುಗಳಲ್ಲಿ ಅನೇಕವು ವೀಕ್ಷಣೆಯಿಂದ ಹುಟ್ಟಿದ ಹೆಸರುಗಳೆಂಬುದನ್ನು ಎಲ್ಲರೂ ಗಮನಿಸಿರಲಾರರು. ಅಂಡಜವೆಂಬುದು ಅದರ ಜನ್ಮವನ್ನೂ, ಶಕಲೀ ಎಂಬುದು ಮೈಮೇಲಣ ಹುರುಪೆಯನ್ನೂ, ವಿಸಾರವೆಂಬುದು ನೀರಿನಲ್ಲಿ ಹರಿದಾಡುವ ಗತಿಯನ್ನೂ ಹೇಳುವುವು. ಪಾಠೀನಕ್ಕೆ ಸಹಸ್ರದಂಷ್ಟ್ರವೆಂಬ ಹೆಸರುಂಟು. ಇದನ್ನು ತುಂಗಭದ್ರೆಯ ಅಂಬಿಗರು ಬಲ್ಲ ಬಾಳೆಮೀನೆಂದು ವಿದ್ವಾಂಸರು ಗುರುತಿಸುವರು. ಆ ಮೀನಿನ ಅಗಲವಾದ ಬಾಯನ್ನು ತೆರೆದು ನೋಡಿದವರಿಗೆ ದವಡೆಗಳಲ್ಲಿ ಒತ್ತಾಗಿ ಸಾಲುಗೊಂಡ ಸಣ್ಣ ಹಲ್ಲುಗಳು ಕಾಣುವುವು. ಸಹಸ್ರದಂಷ್ಟ್ರವೆಂಬುದು ಬರಿಯ ಅತಿಶಯೋಕ್ತಿಯಲ್ಲವೆಂದು ಆಗ ತಿಳಿಯುವುದು. ಇನ್ನೂ ವಿಶೇಷವಾದುದು ಪೋತಾಧಾನವೆಂಬ ಶಬ್ದ. ಮೊಟ್ಟೆಯಿಂದ ಆಗತಾನೆ ಹೊರಬಂದ ಮೀನುಮರಿಗಳ ಸಮೂಹಕ್ಕೆ ಅಮರನು ಈ ಪ್ರತ್ಯೇಕ ಪದವನ್ನು ಕೊಟ್ಟಿರುವನು. ಮರಿಗಳ ಸಮೂಹವನ್ನು ದೊಡ್ಡ ಮೀನುಗಳಿಂದ ಬೇರೆಯಾಗಿ ಎಣಿಸಬೇಕೆಂಬ ತಿಳಿವು ಈ ಪದದಲ್ಲಿ ಅಡಗಿದೆ. ಇದರ ಪ್ರಯೋಜನವು ಮುಂದೆ ಗೋಚರಿಸುವುದು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಅನ್ನಪಾನವಿಧಿಯಲ್ಲಿ ಮೀನುಗಳನ್ನು ನಾದೇಯ, ಸಾಮುದ್ರ ಎಂದು ಎರಡಾಗಿ ವಿಂಗಡಿಸಿದೆ. ಅಲ್ಲಿಯ ವಿಚಾರವು ಮಾಂಸದ ಗುಣವನ್ನು ಕುರಿತುದಾದರೂ, ಕಾರಣವನ್ನು ಹೇಳುವಾಗ ಗ್ರಂಥವು ಮೀನಿನ ಬಾಳಿನ ರೀತಿಯನ್ನು ಹೇಳುತ್ತದೆ. ನದಿಯ ಮೀನುಗಳು ಬಾಲದಿಂದಲೂ ಮುಖದಿಂದಲೂ ಚಲಿಸುವುದರಿಂದ ಅವುಗಳ ನಡುಭಾಗವು ಗುರುವೆಂದೂ, ಸರಸ್ಸು ತಟಾಕಗಳ ಮೀನುಗಳ ತಲೆಯು ವಿಶೇಷವಾಗಿ ಲಘುವೆಂದೂ, ಊಟೆ ಬಾವಿಗಳ ಮೀನುಗಳು ದೂರ ಸಂಚರಿಸದುದರಿಂದ ತಲೆಯ ಭಾಗವನ್ನುಳಿದು ಬಹಳ ಗುರುಗಳೆಂದೂ ಅಲ್ಲಿ ಹೇಳಿದೆ. ಸಮುದ್ರದ ಮೀನುಗಳು ಮಾಂಸಾಹಾರಿಗಳಾದುದರಿಂದ ಬಲಕರವೆಂದೂ ಹೇಳಿದೆ. ನೀರಿನ ನೆಲೆಯಿಂದ ಗತಿಭೇದ, ಗತಿಭೇದದಿಂದ ದೇಹಭೇದ ಎಂಬ ಈ ಸರಣಿಯನ್ನು ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೩೫ರಲ್ಲಿ ವಿಜ್ಞಾನಲೋಕದ ಗಮನಕ್ಕೆ ತಂದರು.

೨. ಸೋಮೇಶ್ವರನ ಮತ್ಸ್ಯವಿನೋದ

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಭೂಲೋಕಮಲ್ಲನೆಂಬ ಬಿರುದಿನಿಂದ ಸುಮಾರು ೧೧೨೬ರಿಂದ ೧೧೩೮ರವರೆಗೆ ಆಳಿದನು. ಲಕ್ಷ್ಮೇಶ್ವರವು ಅಂದು ಪುಲಿಗೆರೆಯೆಂಬ ಹೆಸರಿನಿಂದ ಪುಲಿಗೆರೆ ಮುನ್ನೂರು ಎಂಬ ನಾಡಿನ ಮುಖ್ಯಸ್ಥಾನವಾಗಿದ್ದಿತು. ಈ ದೊರೆಯು ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥಚಿಂತಾಮಣಿಯು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ವಿಶ್ವಕೋಶಸದೃಶ ಗ್ರಂಥ. ಗ್ರಂಥದಲ್ಲಿಯೇ ಬರುವ ಕಾಲಗಣನೆಯ ಆಧಾರದಿಂದ ಇದರ ಕಾಲವನ್ನು ೧೧೨೯ರ ಸುಮಾರೆಂದು ಹೇಳುವುದು ವಾಡಿಕೆ. ಇದರ ಮೊದಲ ಸಂಪುಟವು ೧೯೨೫ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಶ್ರೀಗೊಂದೇಕರರಿಂದಲೂ, ಒಂದು ಭಾಗವು ೧೯೨೬ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಂದಲೂ ಪರಿಷ್ಕೃತವಾಗಿ ಬೆಳಕು ಕಂಡವು.

ಇದರ ವಿನೋದವಿಂಶತಿಯಲ್ಲಿ ರಾಜನ ವಿನೋದಗಳಲ್ಲೊಂದಾಗಿ ಗಾಳದಿಂದ ಮೀನು ಹಿಡಿಯುವ ಕ್ರೀಡೆಯು ವರ್ಣಿತವಾಗಿದೆ. ಹೆಸರು ವಿನೋದವಾದರೂ ವಸ್ತುವು ಶಾಸ್ತ್ರೀಯವಾದುದು. ಸುಮಾರು ೩೫ ಬಗೆಯ ಮೀನುಗಳು ಅಲ್ಲಿ ನಾಮನಿರ್ದೇಶಪೂರ್ವಕವಾಗಿ ಬಂದಿವೆ. ಕಡಲಿನವು, ಸಿಹಿನೀರಿನವು ಎಂದು ನೆಲೆಯಿಂದ ವಿಭಾಗ. ಚರ್ಮಜ, ಶಲ್ಕಜ, ಅಂದರೆ ಬರಿಯ ತೊಗಲಿನವು, ಹುರುಪೆಯವು ಎಂದು ಮೈಯಿಂದ ವಿಭಾಗ. ದೊಡ್ಡದು, ನಡುತರದ್ದು, ಸಣ್ಣದು ಎಂದು ಗಾತ್ರದಿಂದ ವಿಭಾಗ. ಮೀನುಗಳನ್ನು ಒಂದೆಡೆಗೆ ಸೆಳೆದು ಬೆಳೆಸಲು ಯಾವುದಕ್ಕೆ ಯಾವ ಮೇವನ್ನು ಹಾಕಬೇಕೆಂಬ ವಿಧಿಯೂ, ಗಾಳದ ಕೋಲು ಮತ್ತು ದಾರಗಳ ಲಕ್ಷಣವೂ ಇದೆ. ಎಲ್ಲ ಮೀನಿಗೂ ಒಂದೇ ಮೇವು ಸಲ್ಲದೆಂಬುದು ಗ್ರಂಥಕಾರನ ಅಭಿಪ್ರಾಯ. ಮೇವು ಬಲ್ಲವನಿಗಲ್ಲದೆ ಮೀನು ದೊರೆಯದು. ಆದುದರಿಂದ ಈ ವಿನೋದವು ಆಹಾರಜ್ಞಾನದ ಮೇಲೆಯೇ ನಿಂತಿದೆ.

ಒಳನಾಡಿನ ಅರಸನಿಗೆ ಕಡಲಮೀನಿನ ಜ್ಞಾನವು ಎಲ್ಲಿಂದ ಬಂದಿತೆಂಬ ಪ್ರಶ್ನೆ ಸಹಜವಾದುದು. ಕೊಂಕಣ ತೀರದಲ್ಲಿ ಆಳುತ್ತಿದ್ದ ಗೋವೆಯ ಕದಂಬರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಆ ಮಾರ್ಗವಾಗಿ ತೀರದ ಬೆಸ್ತರ ಅನುಭವವು ಅರಮನೆಯನ್ನು ಮುಟ್ಟಿದ್ದಿರಬಹುದು. ಗ್ರಂಥದಲ್ಲಿ ಕಾಣುವ ಮೀನಿನ ಹೆಸರುಗಳಲ್ಲಿ ಹಲವು ಸಂಸ್ಕೃತಕೋಶಗಳಲ್ಲಿ ದೊರೆಯದಿರುವುದು ಈ ಊಹೆಗೆ ಪೋಷಕವಾಗಿದೆ. ದೊರೆಯು ಶ್ಲೋಕವನ್ನು ರಚಿಸಿದನು; ಶ್ಲೋಕದ ಒಳಗಣ ತಿಳಿವು ಬಲೆ ಬೀಸಿದವರದು. ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ವಿವೇಚಿಸಿ, ಇಲ್ಲಿಯ ಮೀನುಗಳನ್ನು ಇಂದಿನ ಶಾಸ್ತ್ರನಾಮಗಳೊಡನೆ ಹೊಂದಿಸಲು ಯತ್ನಿಸಿದರು.

ಈ ಹೊಂದಾಣಿಕೆಯು ಸುಲಭವಲ್ಲ. ಒಂದು ಉದಾಹರಣೆ ಸಾಕು. ರೋಹಿತವೆಂಬ ಹೆಸರು ಅಮರನಲ್ಲಿಯೂ, ವೈದ್ಯಗ್ರಂಥಗಳಲ್ಲಿಯೂ, ಸೋಮೇಶ್ವರನಲ್ಲಿಯೂ ಬರುತ್ತದೆ. ಇಂದು ಶಾಸ್ತ್ರದಲ್ಲಿ ಈ ಹೆಸರನ್ನು ಹೊತ್ತ ಮೀನು ಗಂಗಾದಿ ಉತ್ತರದ ನದಿಗಳದು. ದಕ್ಷಿಣಾಪಥದ ಗ್ರಂಥಕಾರನು ರೋಹಿತವೆಂದಾಗ ಅದೇ ಮೀನನ್ನು ಕಂಡಿದ್ದನೋ, ಕೆಂಪು ಛಾಯೆಯ ಬೇರೊಂದನ್ನು ಕಂಡಿದ್ದನೋ ಎಂಬುದನ್ನು ಹೆಸರೊಂದರಿಂದಲೇ ನಿರ್ಣಯಿಸಲಾಗದು. ಹೆಸರಿನೊಡನೆ ನೆಲೆ, ಮೇವು, ಮೈಲಕ್ಷಣಗಳು ಇದ್ದಲ್ಲಿ ಮಾತ್ರ ನಿರ್ಣಯವು ಸಾಧ್ಯ.

೩. ಪ್ರಯೋಗಶಾಲೆಯ ದಿನಚರಿ

ಈಗ ಆಧುನಿಕ ಪದ್ಧತಿಯನ್ನು ನೋಡಬಹುದು. ಭಾರತದ ಕೇಂದ್ರ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯು ೧೯೪೭ನೆಯ ಫೆಬ್ರವರಿ ೩ರಂದು ಸ್ಥಾಪಿತವಾಯಿತು. ಕನ್ನಡ ಕರಾವಳಿಯಲ್ಲಿ ಮಂಗಳೂರು, ಕಾರವಾರಗಳಲ್ಲಿ ಅದರ ಶಾಖೆಗಳಿವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು ೧೯೬೯ರಲ್ಲಿ ಆರಂಭವಾಯಿತು. ಕೋಡಿಬಾಗದ ವಿಭಾಗವನ್ನು ಮೇಲೆಯೇ ಹೇಳಿದೆ. ಗದಗಿನಿಂದ ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾಯ್ದು ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಮಾರ್ಗವಾಗಿ ಅಲ್ಲಿಗೆ ಹೋದ ಬಯಲುಸೀಮೆಯ ವಿದ್ಯಾರ್ಥಿಗೆ ಮೊದಲ ಪಾಠಶಾಲೆಯು ಕಟ್ಟಡವಲ್ಲ, ದಕ್ಕೆ.

ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ಸಂಶೋಧಕನು ಅಲ್ಲಿರಬೇಕು. ಹಿಡಿದ ಮೀನನ್ನೆಲ್ಲ ಅಳೆಯಲು ಯಾರಿಂದಲೂ ಆಗದು. ಆದುದರಿಂದ ತಿಂಗಳಿನಲ್ಲಿ ಕೆಲವು ದಿನಗಳನ್ನು, ಆ ದಿನಗಳಲ್ಲಿ ಕೆಲವು ದೋಣಿಗಳನ್ನು, ಆ ದೋಣಿಗಳ ಹಿಡಿತದಲ್ಲಿ ಒಂದಂಶವನ್ನು ಪಕ್ಷಪಾತವಿಲ್ಲದ ನಿಯಮದಿಂದ ಆರಿಸಿಕೊಳ್ಳುವರು. ದೊಡ್ಡ ಮೀನನ್ನೇ ಆರಿಸಿದರೆ ಲೆಕ್ಕವು ಸುಳ್ಳಾಗುವುದು. ಮೀನುಗಾರನು ಕೊಟ್ಟುದನ್ನೇ ತೆಗೆದುಕೊಂಡರೂ ಸುಳ್ಳಾಗುವುದು. ಯಾವ ಬಲೆ, ಎಷ್ಟು ಹೊತ್ತು, ಎಷ್ಟು ಆಳದಲ್ಲಿ, ಯಾವ ದಿಕ್ಕಿನಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ದೋಣಿಯ ತಂಡೇಲನ ಬಾಯಿಂದಲೇ ಪಡೆಯಬೇಕು. ಮೀನನ್ನು ಮಾರುವ ಅವಸರದಲ್ಲಿರುವವನಿಂದ ಉತ್ತರ ಪಡೆಯುವುದಕ್ಕೆ ವಿನಯವೂ ಬೇಕು, ಅವನ ಭಾಷೆಯೂ ಬೇಕು.

ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದ ಮೀನನ್ನು ಶಾಲೆಯಲ್ಲಿ ಅಳತೆಯ ಹಲಗೆಯ ಮೇಲಿಟ್ಟು ಮೂತಿಯ ತುದಿಯಿಂದ ಬಾಲದ ತುದಿಯವರೆಗಿನ ಉದ್ದವನ್ನೂ, ತಕ್ಕಡಿಯಲ್ಲಿ ತೂಕವನ್ನೂ ಬರೆದುಕೊಳ್ಳುವರು. ಬಳಿಕ ಹೊಟ್ಟೆಯನ್ನು ಸೀಳಿ ಜಠರವನ್ನು ಬೇರ್ಪಡಿಸಿ, ಅದರೊಳಗಿನ ಪದಾರ್ಥವನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಯಾವ ಜೀವಿ ಎಷ್ಟೆಂದು ಎಣಿಸುವರು. ಮೊಟ್ಟೆಯ ಚೀಲವು ಎಷ್ಟು ಬಲಿತಿದೆಯೆಂಬುದನ್ನು ಅವಸ್ಥಾಕ್ರಮದಿಂದ ಗುರುತಿಸಿ ಈಯುವ ಕಾಲವನ್ನು ನಿಶ್ಚಯಿಸುವರು. ತಲೆಯೊಳಗೆ ಕಿವಿಯ ಭಾಗದಲ್ಲಿರುವ ಪುಟ್ಟ ಸುಣ್ಣದ ಹರಳನ್ನು, ಅಂದರೆ ಕರ್ಣಶಿಲೆಯನ್ನು, ತೆಗೆದು ಅದರ ಬಳೆಗಳಿಂದ ವಯಸ್ಸನ್ನು ಊಹಿಸುವರು. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ಶೀತದೇಶದ ಮೀನುಗಳಲ್ಲಿ ವರ್ಷಕ್ಕೊಂದು ಬಳೆ ಸ್ಪಷ್ಟವಾಗಿ ಮೂಡುವುದು. ಉಷ್ಣದೇಶದ ಮೀನುಗಳಲ್ಲಿ ಅಷ್ಟು ಸ್ಪಷ್ಟವಿಲ್ಲದುದರಿಂದ, ತಿಂಗಳು ತಿಂಗಳೂ ಸಾವಿರಾರು ಮೀನುಗಳ ಉದ್ದವನ್ನು ಅಳೆದು ಬೆಳವಣಿಗೆಯ ವೇಗವನ್ನು ಕಂಡುಕೊಳ್ಳುವ ಮಾರ್ಗವನ್ನೂ ಅವಲಂಬಿಸುವರು.

ಈ ಕೆಲಸದಲ್ಲಿ ಚಮತ್ಕಾರವೇನೂ ಇಲ್ಲ. ಕೈಗೆ ಮೀನಿನ ವಾಸನೆ, ಕೋಣೆಗೆ ಫಾರ್ಮಾಲಿನಿನ ವಾಸನೆ. ದಿನವೂ ಅದೇ ಅಳತೆ, ಅದೇ ಎಣಿಕೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಅಕ್ಷರಕ್ಷರವಾಗಿ ಹೋಲಿಸುವ ಪಂಡಿತನ ಶ್ರಮಕ್ಕೆ ಇದು ಸಮಾನವಾದುದು. ಒಂದು ಪ್ರತಿಯಿಂದ ಪಾಠನಿರ್ಣಯವಾಗದಂತೆ ಒಂದು ಮೀನಿನಿಂದ ಏನೂ ಸಿದ್ಧವಾಗದು. ಹಲವು ವರ್ಷಗಳ ದಾಖಲೆಯ ಸಾಲಿನಿಂದಲೇ ಸತ್ಯವು ಹೊರಬೀಳುವುದು.

೪. ಬೂತಾಯಿಯ ಏರಿಳಿತ

ಹೀಗೆ ಹೊರಬಿದ್ದ ಸತ್ಯಕ್ಕೆ ಬೂತಾಯಿಯು ಒಳ್ಳೆಯ ನಿದರ್ಶನ. ಮಂಗಳೂರಿನ ಕಡೆ ಬೂತಾಯಿಯೆಂದೂ ಕಾರವಾರದ ಕಡೆ ತಾರ್ಲಿಯೆಂದೂ ಕರೆಯುವ ಈ ಎಣ್ಣೆಮೀನು ಪಡುವಣ ಕರಾವಳಿಯ ಬಡವರ ಆಹಾರ. ನೈಋತ್ಯ ಮಾರುತವು ಬೀಸುವ ತಿಂಗಳುಗಳಲ್ಲಿ ತೀರದ ಮೇಲುನೀರು ಹೊರಕ್ಕೆ ಸರಿದು, ಆಳದ ತಂಪು ನೀರು ಮೇಲಕ್ಕೇಳುವುದು. ಆ ನೀರಿನಲ್ಲಿ ಕರಗಿದ ಲವಣಾದಿ ಪೋಷಕಗಳಿಂದ ಕಣ್ಣಿಗೆ ಕಾಣದ ಸಸ್ಯರೂಪದ ಪ್ಲವಕಗಳು ಹುಲುಸಾಗಿ ಬೆಳೆಯುವುವು. ಬೂತಾಯಿಯು ಕಿವಿರಿನ ಒತ್ತಾದ ಬಾಚಣಿಗೆಯಿಂದ ಇವುಗಳನ್ನು ಸೋಸಿ ತಿನ್ನುವುದು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಪ್ಲವಕವು ಹೆಚ್ಚಿದ ಕಾಲಕ್ಕೂ ಬೂತಾಯಿಯ ಸಮೃದ್ಧಿಗೂ ಸಂಬಂಧವಿರುವುದನ್ನು ಸಂಶೋಧಕರು ಜಠರಪರೀಕ್ಷೆಯಿಂದಲೂ ನೀರಿನ ಪರೀಕ್ಷೆಯಿಂದಲೂ ತೋರಿಸಿದರು. ಸಮುದ್ರದ ಮೀನುಗಳು ಮಾಂಸಾಹಾರಿಗಳೆಂಬ ಸುಶ್ರುತವಾಕ್ಯವು ಬೂತಾಯಿಗೆ ಪೂರ್ತಿಯಾಗಿ ಅನ್ವಯಿಸದೆಂಬುದು ಇದರಿಂದ ಸ್ಪಷ್ಟವಾಗುವುದು. ಆದರೆ ಆಹಾರದಿಂದ ಸ್ವಭಾವವನ್ನು ತಿಳಿಯಬೇಕೆಂಬ ಅವನ ಮಾರ್ಗಕ್ಕೆ ಇದರಿಂದ ಬಾಧೆಯಿಲ್ಲ.

ಈ ಮೀನಿನ ಫಸಲು ವರ್ಷದಿಂದ ವರ್ಷಕ್ಕೆ ಬಹಳವಾಗಿ ಏರಿಳಿಯುವುದು. ಮದರಾಸು ಪ್ರಾಂತ್ಯದ ಮೀನುಗಾರಿಕೆಯ ಅಧಿಕಾರಿಗಳಾಗಿದ್ದ ಜೇಮ್ಸ್ ಹಾರ್ನೆಲ್ ಅವರು ೧೯೧೦ರಷ್ಟು ಹಿಂದೆಯೇ ಇದರ ಕಾರಣವನ್ನು ವಿಚಾರಿಸಿದರು. ಮೀನು ಕಡಮೆಯಾದಾಗ ೧೯೪೩ರಲ್ಲಿ ಮದರಾಸು ಸರ್ಕಾರವು ಮರಿಗಳನ್ನು ಹಿಡಿಯುವುದರ ಮೇಲೆ ನಿರ್ಬಂಧವನ್ನು ತಂದಿತು. ಕೇರಳ ತೀರವೊಂದರಲ್ಲಿಯೇ ೨೦೧೨ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ನಿನಷ್ಟು ದೊರೆತ ಬೂತಾಯಿಯು ೨೦೨೧ರಲ್ಲಿ ಮೂರೂವರೆ ಸಾವಿರ ಟನ್ನಿಗಿಂತಲೂ ಕೆಳಗಿಳಿಯಿತು. ಕಡಲಿನ ಉಷ್ಣ, ಮಳೆಯ ಗತಿ, ಪ್ಲವಕಗಳ ಏರುಪೇರು, ಅತಿಯಾದ ಹಿಡಿತ, ಮರಿಗಳ ನಾಶ ಇವೆಲ್ಲ ಕೂಡಿ ಕೆಲಸ ಮಾಡುವುದರಿಂದ ಒಂದನ್ನೇ ಕಾರಣವೆನ್ನುವುದು ಶಾಸ್ತ್ರಸಮ್ಮತವಲ್ಲ. ಆದರೆ ಇವುಗಳಲ್ಲಿ ಮನುಷ್ಯನು ತಡೆಯಬಹುದಾದವು ಕಡೆಯ ಎರಡೇ. ಕೇರಳವು ೨೦೧೫ರಲ್ಲಿ ಬೂತಾಯಿಗೆ ೧೦ ಸೆಂಟಿಮೀಟರು, ಬಂಗುಡೆಗೆ ೧೪ ಸೆಂಟಿಮೀಟರು ಎಂದು ಕನಿಷ್ಠ ಅಳತೆಯನ್ನು ವಿಧಿಸಿತು. ಕನ್ನಡಿಗರು ನೆಲಸಿರುವ ಕಾಸರಗೋಡಿನ ಕರಾವಳಿಗೂ ಇದು ಅನ್ವಯಿಸುವುದು. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಅಮರನ ಪೋತಾಧಾನವು ಇಲ್ಲಿ ರಾಜಶಾಸನದ ವಿಷಯವಾಗಿರುವುದು. ಹಲಗೆಯ ಮೇಲೆ ಅಳೆದ ಸೆಂಟಿಮೀಟರು ಹೀಗೆ ಒಂದು ಕುಟುಂಬದ ಅಂದಿನ ಕೂಳನ್ನೂ, ಮುಂದಿನ ವರ್ಷದ ಕೂಳನ್ನೂ ತೂಗುವ ತಕ್ಕಡಿಯಾಗುವುದು.

೫. ಹೆಸರುಗಳ ಹಾದಿ

ಬಯಲುಸೀಮೆಯ ವಿದ್ಯಾರ್ಥಿಗೆ ದಕ್ಕೆಯಲ್ಲಿ ಎದುರಾಗುವ ಮೊದಲ ತೊಡಕು ಹೆಸರಿನದು. ಒಂದೇ ಮೀನನ್ನು ಕನ್ನಡದವರು ಬಂಗುಡೆಯೆಂದೂ, ಕೊಂಕಣಿಯವರು ಬಾಂಗಡೊ ಎಂದೂ, ಪುಸ್ತಕವು ರಾಸ್ಟ್ರೆಲ್ಲಿಗರ್ ಕನಗುರ್ತ ಎಂದೂ ಹೇಳುವುವು. ಪುಸ್ತಕದ ಹೆಸರು ಪರದೇಶದ್ದೆಂದು ತೋರುವುದಾದರೂ ಅದರ ಉತ್ತರಪದವು ಆಂಧ್ರದ ಮೀನುಗಾರರದು. ಪ್ಯಾಟ್ರಿಕ್ ರಸೆಲ್ ಎಂಬವರು ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ೨೦೦ ಮೀನುಗಳ ವರ್ಣನೆಯನ್ನು ೧೮೦೩ರಲ್ಲಿ ಪ್ರಕಟಿಸಿದಾಗ ಅಲ್ಲಿಯ ತೆಲುಗು ಹೆಸರುಗಳನ್ನು ಬರೆದಿಟ್ಟರು. ಕ್ಯೂವಿಯೇ ಎಂಬ ಫ್ರೆಂಚ್ ವಿದ್ವಾಂಸರು ೧೮೧೬ರಲ್ಲಿ ಆ ಕಾನಗುರ್ತವನ್ನೇ ಶಾಸ್ತ್ರನಾಮವಾಗಿ ಸ್ವೀಕರಿಸಿದರು. ೧೮೨೨ರಲ್ಲಿ ಹ್ಯಾಮಿಲ್ಟನ್ ಅವರು ಗಂಗೆಯ ಮೀನುಗಳಿಗೆ ಹೆಸರಿಡುವಾಗ ರೋಹಿತ, ಕಟ್ಲಾ, ಮೃಗಾಲಗಳನ್ನು ದೇಶನಾಮಗಳಿಂದಲೇ 'ರೋಹಿತ', 'ಕಟ್ಲ', 'ಮೃಗಲ' ಎಂದು ಎತ್ತಿಕೊಂಡರು. ತುಂಗಭದ್ರೆಯ ಬಾಳೆಮೀನಿಗೆ ತಮಿಳಿನಲ್ಲಿ ವಾಳೈ ಎಂದು ಹೆಸರು. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವೇ. ಅದರ ಶಾಸ್ತ್ರನಾಮವಾದ ವಲ್ಲಾಗೊ ಅಟ್ಟು ಎಂಬುದರಲ್ಲಿಯೂ ದ್ರಾವಿಡ ದೇಶನಾಮದ ಛಾಯೆಯೇ ಕಾಣುತ್ತದೆ.

ಮೀನುಗಾರನ ನುಡಿಯು ಶಾಸ್ತ್ರಕ್ಕೆ ಆಧಾರವಾದುದಕ್ಕೆ ಇವು ಸಾಕ್ಷಿ. ಆದರೆ ಆ ನುಡಿ ಈಗ ಸವೆಯುತ್ತಿದೆ. ನೂರಾರು ಜನರು ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯನ್ನು ೧೯೭೦ರ ದಶಕದ ಉತ್ತರಾರ್ಧದಿಂದ ಪರ್ಸಿನ್ ಬಲೆಯ ಯಾಂತ್ರಿಕ ದೋಣಿಗಳು ಹಿಂದಕ್ಕೆ ತಳ್ಳಿದವು. ಬಲೆಯು ಮೂಲೆ ಸೇರಿದಲ್ಲಿ ಅದರ ಅಂಗಗಳ ಹೆಸರು, ಮೀನಿನ ಹಿಂಡು ನೀರಿನ ಮೇಲೆ ಮೂಡಿಸುವ ಬಣ್ಣದ ಹೆಸರು, ಗಾಳಿಯ ಹೆಸರು ಎಲ್ಲವೂ ಮರೆಯಾಗುವ ಭಯವುಂಟು. ಸೋಮೇಶ್ವರನ ಪಟ್ಟಿಯಲ್ಲಿ ಇಂದು ಗುರುತಿಗೆ ಸಿಕ್ಕದ ಹೆಸರುಗಳಿಗೆ ಆದ ಗತಿಯೇ ಇವಕ್ಕೂ ಆಗಬಹುದು.

೬. ಹೊಳೆಯೂ ಕೆರೆಯೂ

ಈ ವಿಚಾರವು ಕಡಲತೀರಕ್ಕೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಶಿರಹಟ್ಟಿ ತಾಲ್ಲೂಕಿನ ಹೊಳೆ ಇಟಗಿ, ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ಸಿಂಗಟಾಲೂರು, ಹಮ್ಮಿಗಿ ಮುಂತಾದ ಊರುಗಳು ತುಂಗಭದ್ರೆಯ ದಡದವು. ಅಂಬಿಗರೂ ಗಂಗಾಮತಸ್ಥರೂ ಬಾಳೆ, ಕೊರವ, ಹಾವುಮೀನುಗಳನ್ನು ಬಲ್ಲವರು. ೧೯೫೩ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಸಿದ್ಧವಾದುದರಿಂದ ಕೆಳಗಿನಿಂದ ಮೇಲಕ್ಕೆ ಈಜಿ ಬರುವ ಮೀನುಗಳ ದಾರಿ ಕಟ್ಟಿತು. ಬಳಿಕ ಹಮ್ಮಿಗಿಯಲ್ಲಿಯೂ ನದಿಗೆ ತಡೆ ಬಂದಿತು. ಹೊಲಗಳಿಗೆ ನೀರು ಬೇಕಾದುದು ನಿಜ. ನೀರು ನಿಂತಲ್ಲಿ ಮೀನಿನ ಬಾಳು ಬದಲಾಗುವುದೂ ನಿಜ. ಹರಿಯುವ ನೀರಿನ ಮೀನಿಗೂ ನಿಂತ ನೀರಿನ ಮೀನಿಗೂ ಭೇದವುಂಟೆಂದು ವೈದ್ಯಗ್ರಂಥವು ಎಂದೋ ಹೇಳಿರುವುದು. ಇಂದು ನಾಡಿನ ಕೆರೆಗಳಲ್ಲಿ ಬಿತ್ತುವ ಮರಿಗಳು ಬಹುಮಟ್ಟಿಗೆ ಕಟ್ಲಾ, ರೋಹು, ಮೃಗಾಲಗಳು. ಸಂಸ್ಕೃತದ ರೋಹಿತವು ಉತ್ತರದೇಶದ ನುಡಿಗಳನ್ನು ಸುತ್ತಿ 'ರೋಹು' ಆಗಿ ಕನ್ನಡದ ಸಂತೆಗೆ ಮರಳಿರುವುದು ವಿಚಿತ್ರವಾದ ಶಬ್ದಯಾತ್ರೆ. ಮೇಲ್ದೇಶದಲ್ಲಿ ಶೃಂಗೇರಿಯ ಮಠದ ಬಳಿ ತುಂಗೆಯ ಮಡುವಿನ ಮೀನುಗಳನ್ನು ಭಕ್ತಿಯು ಕಾಯ್ದಿದೆ. ಕೆಳಗಿನ ಹೊಳೆಯ ಮೀನುಗಳಿಗೆ ಅಂತಹ ಕಾವಲಿಲ್ಲ.

ಕೆರೆಗೂ ಕಡಲಿಗೂ ಇರುವ ನಂಟನ್ನು ಜಗತ್ತು ಒಮ್ಮೆಲೇ ಗುರುತಿಸಿದ ನಿದರ್ಶನವೂ ಒಂದುಂಟು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು ಮಳೆಯ ನೀರನ್ನು ಬೇಸಾಯಕ್ಕಾಗಿ ಹಿಡಿದಿಡಲು ಮನುಷ್ಯರೇ ಕಟ್ಟಿದ, ಸುಮಾರು ೫೦ ಹೆಕ್ಟೇರಿನ ಜಲಾಶಯ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಅಲ್ಲಿಗೆ ಬರುವುವು. ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯು ಸುಮಾರು ೪೮೦೦ ಹೆಕ್ಟೇರು ಹರಡಿದ್ದು, ಮೀನು, ಏಡಿ, ಚಿಪ್ಪು, ಉಪ್ಪು ಮತ್ತು ಗಜನಿಗದ್ದೆಗಳಿಂದ ೬೦೦೦ದಿಂದ ೭೫೦೦ ಕುಟುಂಬಗಳನ್ನು ಪೋಷಿಸುವುದು. ಈ ಎರಡೂ ೨೦೨೪ನೆಯ ಜನವರಿಯ ಕೊನೆಯಲ್ಲಿ ಏಕಕಾಲಕ್ಕೆ ರಾಮ್‌ಸಾರ್ ಒಪ್ಪಂದದ ಜಲಸ್ಥಾನಗಳ ಪಟ್ಟಿಯಲ್ಲಿ ಸೇರಿದವು.

ಹೀಗಿರಲು ಸಾಹಿತ್ಯದ ಅಧ್ಯಾಪಕರಿಗೂ ಸಂಶೋಧಕರಿಗೂ ಇಲ್ಲಿ ಒಂದು ಕರ್ತವ್ಯವು ಕಾಣುತ್ತದೆ. ಪ್ರಯೋಗಶಾಲೆಯು ಮೀನನ್ನು ಅಳೆಯಬಲ್ಲುದು. ಹಳೆಯ ಗ್ರಂಥದ ಹೆಸರನ್ನು ಪರಿಷ್ಕರಿಸಲಾರದು. ಪಂಡಿತನು ಪಾಠವನ್ನು ಪರಿಷ್ಕರಿಸಬಲ್ಲನು. ಹೆಸರು ಯಾವ ಮೀನಿನದೆಂದು ಹೇಳಲಾರನು. ಎರಡನ್ನೂ ಬಲ್ಲವನು ಹೊಳೆಯ ದಡದಲ್ಲಿಯೂ ಕಡಲ ದಡದಲ್ಲಿಯೂ ಇರುವ ಮುದಿ ಮೀನುಗಾರನು. ಅವನ ಬಾಯಿಂದ ಮೀನಿನ ಹೆಸರು, ಅದು ಇರುವ ನೀರು, ದೊರೆಯುವ ತಿಂಗಳು, ತಿನ್ನುವ ಮೇವು, ಮರಿಯ ಹೆಸರು ಎಂಬ ಐದು ಅಂಶಗಳನ್ನು, ಹೇಳಿದವರ ಊರಿನೊಡನೆ ಬರೆದುಕೊಂಡು, ಸಾಧ್ಯವಾದಲ್ಲಿ ಮೀನನ್ನೇ ಪ್ರಯೋಗಶಾಲೆಗೆ ತೋರಿಸಿ ಶಾಸ್ತ್ರನಾಮವನ್ನು ಪಕ್ಕದಲ್ಲಿ ಸೇರಿಸಬೇಕು. ಮುಂಡರಗಿಯ ದಡದ ನಾಲ್ಕು ಹಳ್ಳಿಗಳಿಂದ ಇದನ್ನು ಆರಂಭಿಸಿದರೂ ಸಾಲದೆನ್ನಲಾಗದು. ಹೆಸರಿಲ್ಲದ ಮೀನು ಕಳೆದುಹೋದರೆ ಕಳೆದುದೆಂಬುದೇ ಯಾರಿಗೂ ತಿಳಿಯದು. ಸೋಮೇಶ್ವರನು ೩೫ನ್ನು ಬರೆದಿಟ್ಟುದರಿಂದಲೇ ಇಂದು ಅವುಗಳನ್ನು ಹುಡುಕುವುದಕ್ಕೆ ಅವಕಾಶವಾಗಿರುವುದು.